ಮಗ್ಗ ನಿನ್ನದು, ನೂಲು ಯಾರದು?

ಹೊಸದಾಗಿ ಉದ್ಯೋಗ ಹೂಡಹೊರಟವನಿಗೆ ಊರಿನವರು ಕೇಳುವ ಪ್ರಶ್ನೆಗಳು ಎರಡೇ. ಏನು ಮಾಡ್ತಿ? ಎಷ್ಟು ಉಳೀತದ? ಇವೆರಡರ ನಡುವೆ ಅಡಗಿ ಕೂತಿರುವ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮಾಲು ಯಾರದು, ಅದಕ್ಕೆ ಹಾಕಿದ ರೊಕ್ಕ ಯಾರದು, ಆ ರೊಕ್ಕ ತಿರುಗಿ ಬರಲು ಎಷ್ಟು ದಿನ? ಅನೇಕ ಅಂಗಡಿಗಳು, ಕಾರಖಾನೆಗಳು ಬಾಗಿಲು ಹಾಕಿಕೊಳ್ಳುವುದು ಲಾಭ ಇಲ್ಲದ್ದಕ್ಕಲ್ಲ, ಲಾಭ ಕೈಗೆ ಬರುವ ತನಕ ತಡೆದುಕೊಳ್ಳಲಾಗದ್ದಕ್ಕೆ.

ನಿಪ್ಪಾಣಿ ತಾಲ್ಲೂಕಿನ ಬೋರಗಾಂವದಿಂದ ಗಡಿ ದಾಟಿದರೆ ಇಚಲಕರಂಜಿ ದೂರವಿಲ್ಲ. ಅಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗ ಹೂಡಿದ್ದು 1904ರಲ್ಲಿ. ಆಗ ಶುರುವಾದ ಮಗ್ಗದ ಸದ್ದು ರಾಜ್ಯದ ಗಡಿಯನ್ನು ಲೆಕ್ಕಕ್ಕಿಡಲಿಲ್ಲ. ಕಬ್ಬು, ತಂಬಾಕು ಬೆಳೆಯುವ ಈಚೆಯ ಊರುಗಳ ಹುಡುಗರನ್ನೂ ಸೆಳೆಯಿತು. ಬೋರಗಾಂವದ ಒಬ್ಬ ಯುವಕ ಹೀಗೆಯೇ ಎಂಟು ವರ್ಷ ಬುತ್ತಿ ಕಟ್ಟಿಕೊಂಡು ಹೋಗಿ ಬಂದ. ಮೊದಲು ಕಾಂಡಿ ತುಂಬುವ ಕೆಲಸ, ಆಮೇಲೆ ಮಗ್ಗ, ಕೊನೆಗೆ ಜಾಬರ್‌ನ ಕೈಕೆಳಗೆ ದುರಸ್ತಿ. ಮೂವತ್ತು ದಾಟಿದ ಮೇಲೆ ಅವನಿಗೆ ತನ್ನವೇ ಆರು ಹಳೇ ಮಗ್ಗ ಹಾಕಬೇಕೆಂಬ ಆಸೆ ಹುಟ್ಟಿತು. ಮನೆಯಲ್ಲಿದ್ದದ್ದು ಎರಡು ಎಕರೆ ಹೊಲ. ಅದನ್ನು ಒತ್ತೆ ಇಡಬೇಕೋ ಬೇಡವೋ ಎಂಬಲ್ಲಿಗೆ ಮಾತು ಬಂದು ನಿಂತಿತು.

ಅವನ ಮುಂದೆ ಮೂರು ದಾರಿಗಳಿದ್ದವು. ಒಂದು, ಮಜೂರಿ. ವ್ಯಾಪಾರಿ ಸಾಯಿಜಿಂಗ್ ಮಾಡಿಸಿದ ಬೀಮು, ಹೊಕ್ಕಿನ ನೂಲು ಎರಡನ್ನೂ ಕೊಡುತ್ತಾನೆ. ಮಗ್ಗದವನು ನೇಯ್ದು ಬಟ್ಟೆ ಒಪ್ಪಿಸಿ, ಪಿಕ್ಕಿಗೆ ಇಷ್ಟು ಪೈಸೆ ಎಂದು ಕೂಲಿ ಪಡೆಯುತ್ತಾನೆ. ಪಿಕ್ಕು ಎಂದರೆ ಒಂದು ಇಂಚು ಬಟ್ಟೆಯಲ್ಲಿ ಬೀಳುವ ಅಡ್ಡ ಎಳೆಗಳ ಸಂಖ್ಯೆ. ಎರಡು, ತಾನೇ ನೂಲು ಕೊಂಡು, ನೇಯ್ದು, ತಾನೇ ಮಾರುವುದು. ಮೂರು, ಹತ್ತು ಮಂದಿ ಕೂಡಿ ಸಂಘ ಕಟ್ಟುವುದು.

ಹುಡುಗನ ಮನಸ್ಸು ಇದ್ದದ್ದು ಎರಡನೆಯದರ ಮೇಲೆ. ಎಂಟು ವರ್ಷ ಇನ್ನೊಬ್ಬರ ಬಟ್ಟೆ ನೇಯ್ದವನಿಗೆ ತನ್ನ ಹೆಸರಿನ ತಾನು ನೋಡುವ ಆಸೆ ಸಹಜವೇ. "ಮಜೂರಿಗೆ ನೇಯೂದಾದ್ರ ಸ್ವಂತ ಮಗ್ಗ ಯಾಕ ಬೇಕ, ಕಾಕಾ?" ಎಂದು ಅವನು ವಾದಿಸಿದ. ಕಾಕಾ ಓದಿದವರಲ್ಲ, ಆದರೆ ತಂಬಾಕು ಬೆಳೆದವರು. "ತಮ್ಮಾ, ಮಾಲ ನಂದ ಅನ್ನೂದು ಚಲೋನ. ಬೆಲೆ ಬಿದ್ದ ದಿನಾನೂ ಅದು ನಿಂದ ಇರತೈತಿ, ನೆನಪಿರಲಿ" ಎಂದರು.

ಅವರ ಮಾತಿನ ಹಿಂದೆ ಒಂದು ಇತಿಹಾಸವಿತ್ತು. ನಿಪ್ಪಾಣಿಯ ತಂಬಾಕು ರೈತನಿಗೆ ಮಾಲು ತನ್ನದೆನ್ನುವುದು ಹೊಲದಲ್ಲಿರುವ ತನಕ ಮಾತ್ರ. ವ್ಯಾಪಾರಿಯ ವಖಾರಿ ಸೇರಿತೆಂದರೆ ಬೆಲೆ, ತೂಕದ ಕಡಿತ, ರೊಕ್ಕ ಬರುವ ದಿನ, ಮೂರೂ ಅವನ ಕೈಯಲ್ಲಿರುತ್ತಿರಲಿಲ್ಲ. 1981ರಲ್ಲಿ ಶರದ ಜೋಶಿಯವರ ನಾಯಕತ್ವದಲ್ಲಿ ಅದೇ ರೈತರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್‌ನಲ್ಲಿ ಗೋಲೀಬಾರಾಗಿ ಪ್ರಾಣಗಳೂ ಹೋದವು. ಬೆಳೆಯ ಅಪಾಯವೆಲ್ಲ ಒಬ್ಬನದು, ಬೆಲೆ ಕಟ್ಟುವ ಅಧಿಕಾರ ಇನ್ನೊಬ್ಬನದು ಎಂಬ ವ್ಯವಸ್ಥೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಈ ಭಾಗದವರಿಗೆ ಪುಸ್ತಕದಿಂದ ಕಲಿಸಬೇಕಾಗಿಲ್ಲ.

ಕೊನೆಗೆ ಹುಡುಗ ಶಾಲೆಯ ನೋಟುಬುಕ್ಕು ತೆಗೆದು ಲೆಕ್ಕಕ್ಕೆ ಕುಳಿತ. ದರಗಳು ದಿನವೂ ಏರಿಳಿಯುವಂಥವು. ತಿಳಿಯಲೆಂದು ಒಂದೊಂದು ಅಂಕಿ ಹಿಡಿದುಕೊಂಡ. ಒಂದು ಮಗ್ಗ ಎರಡು ಪಾಳಿಯಲ್ಲಿ 80 ಮೀಟರ್ ನೇಯ್ದರೆ ಆರು ಮಗ್ಗಕ್ಕೆ ದಿನಕ್ಕೆ 480 ಮೀಟರ್. 52 ಪಿಕ್ಕಿನ ಬಟ್ಟೆ, ಪಿಕ್ಕಿಗೆ 6 ಪೈಸೆ ಎಂದರೆ ಮೀಟರಿಗೆ 3 ರೂಪಾಯಿ 12 ಪೈಸೆ. ದಿನಕ್ಕೆ ಸುಮಾರು 1,500 ರೂಪಾಯಿ. ನೇಯುವವರ ಪಗಾರ, ಕರೆಂಟು, ಎಣ್ಣೆ, ಬಿಡಿಭಾಗ ಎಲ್ಲ ಇದರಲ್ಲೇ ಆಗಬೇಕು. ಉಳಿಯುವುದು ಅಲ್ಪ.

ಸ್ವಂತ ನೂಲಿನ ಲೆಕ್ಕ ಬೇರೆ. ಮೀಟರಿಗೆ 20 ರೂಪಾಯಿ ನೂಲು ಎಂದರೂ ದಿನಕ್ಕೆ 9,600 ರೂಪಾಯಿ ಬೇಕು. ನೂಲು ಕೊಂಡು, ನೇಯ್ದು, ಉದ್ರಿ ಮಾರಿ, ರೊಕ್ಕ ಕೈಸೇರಲು 60 ದಿನ ಹಿಡಿದರೆ 5,76,000 ರೂಪಾಯಿ ಸದಾ ದಾರಿಯಲ್ಲೇ ಇರುತ್ತದೆ. ದೂಧಗಂಗೆಯಿಂದ ನೀರೆತ್ತಿ ಕಬ್ಬಿಗೆ ಹಾಯಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಲುವೆಯ ಉದ್ದಕ್ಕೂ ನೀರು ತುಂಬಿದ ಮೇಲೆಯೇ ಕೊನೆಯ ಸಾಲಿಗೆ ಹನಿ ಮುಟ್ಟುವುದು. ಮೋಟಾರು ಎಷ್ಟೇ ಚಲೋ ಇರಲಿ, ಕಾಲುವೆ ಉದ್ದವಾದಷ್ಟು ಅದರಲ್ಲಿ ನಿಲ್ಲುವ ನೀರೂ ಹೆಚ್ಚು. ಇನ್ನು ಆ ಅರವತ್ತು ದಿನಗಳಲ್ಲಿ ನೂಲಿನ ದರ ನೂರಕ್ಕೆ ಐದರಷ್ಟು ಇಳಿದು ಬಟ್ಟೆಯ ದರವೂ ಅದರ ಹಿಂದೆ ಹೋದರೆ, ನಷ್ಟ 28,800 ರೂಪಾಯಿ. ಅದು ಮಜೂರಿಯ ಹತ್ತೊಂಬತ್ತು ದಿನಗಳ ಪೂರ್ತಿ ವರಮಾನ! ಹೊಲ ಒತ್ತೆ ಬೀಳುವುದು ಮಗ್ಗಕ್ಕಾಗಿ ಅಲ್ಲ, ಈ ಕಾಲುವೆಯನ್ನು ತುಂಬುವುದಕ್ಕಾಗಿ ಎಂಬುದು ಅವನಿಗೆ ಆಗ ಕಂಡಿತು. ದರ ಏರಿದರೆ ಅಷ್ಟೇ ಲಾಭವೂ ಉಂಟು, ನಿಜ. ಆದರೆ ಏರುವ ತನಕ ಕಾಯಬಲ್ಲವನಿಗೆ ಮಾತ್ರ.

ಸಂಘದ ಮಾತು ಬೇಗ ಮುಗಿಯಿತು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರಿ ಪತ್ತಿನ ಸಂಘ ಕಟ್ಟಿ ತೋರಿಸಿದ ನಾಡು ಇದು. ಸಹಕಾರ ಈ ಜನರಿಗೆ ಹೊಸದಲ್ಲ. ಆದರೆ ಅವನು ಕೇಳಿದ ಗೆಳೆಯರೆಲ್ಲ ನೇಯಬಲ್ಲವರು, ಮಾರಬಲ್ಲವನು ಒಬ್ಬನೂ ಇರಲಿಲ್ಲ. ಕೊಳ್ಳುವ ಗಿರಾಕಿಯೇ ಗೊತ್ತಿಲ್ಲದೆ ಹತ್ತು ಜನ ಕೂಡಿದರೆ ಸಾಲವೊಂದು ಹತ್ತು ಮನೆಗೆ ಹಂಚಿಕೆಯಾಗುತ್ತದೆ, ಅಷ್ಟೇ.

ಮಜೂರಿಯೇನೂ ಸುಖದ ಹಾಸಿಗೆಯಲ್ಲ. ಬೀಮು ಬರದಿದ್ದರೆ ಮಗ್ಗ ಸುಮ್ಮನೆ ನಿಲ್ಲುತ್ತದೆ, ಕಲೆ ಬಿದ್ದರೆ ಕಡಿತ. ಕೂಲಿಯೂ ತಿಂಗಳುಗಟ್ಟಲೆ ಬಾಕಿ ಉಳಿಯಬಹುದು. ಸಣ್ಣ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ, ನೋಂದಣಿ ಮಾಡಿಸಿದ ಸಣ್ಣ ಕಾರಖಾನೆಗೆ ಕೊಡಬೇಕಾದ ಹಣವನ್ನು ಲಿಖಿತ ಕರಾರು ಇದ್ದರೂ 45 ದಿನಗಳಿಗಿಂತ ಹೆಚ್ಚು ತಡೆಹಿಡಿಯುವಂತಿಲ್ಲ. ಕಾಯ್ದೆ ಚಲೋ ಇದೆ. ಒಬ್ಬನೇ ವ್ಯಾಪಾರಿಯನ್ನು ನಂಬಿದವನು ಅದನ್ನು ಹಿಡಿದು ಮಾತಾಡುವುದು ಮಾತ್ರ ಕಷ್ಟ.

ಹೀಗಾಗಿ ಅವನು ಆರರಲ್ಲಿ ಐದು ಮಗ್ಗಗಳನ್ನು ಮಜೂರಿಗೆ ಬಿಟ್ಟ, ಅದೂ ಇಬ್ಬರು ವ್ಯಾಪಾರಿಗಳಿಗೆ ಹಂಚಿ. ಆರನೆಯದಕ್ಕೆ ಕೈಯಲ್ಲಿದ್ದ ಉಳಿತಾಯದಿಂದ ತನ್ನದೇ ನೂಲು. ಆ ಬಟ್ಟೆಯನ್ನು ಕಡಿಮೆ ದರವಾದರೂ ರೊಕ್ಕಕ್ಕೇ ಮಾರುವುದು, ಉದ್ರಿ ಇಲ್ಲ ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡ. ಹೊಲದ ಕಾಗದಪತ್ರ ಪೆಟ್ಟಿಗೆಯಲ್ಲೇ ಉಳಿದವು.

ಮೊದಲ ಬೀಮು ಟೆಂಪೋದಿಂದ ಇಳಿದ ದಿನ ಕಾಕಾ ಮಗ್ಗ ನೋಡಲಿಲ್ಲ. ವ್ಯಾಪಾರಿ ಕಳಿಸಿದ ಚೀಟಿ ಓದಿಸಿಕೊಂಡರು. ನೂಲಿನ ತೂಕ ಇತ್ತು, ಪಿಕ್ಕಿನ ದರ ಇತ್ತು. ರೊಕ್ಕ ಕೊಡುವ ದಿನ ಇರಲಿಲ್ಲ. "ಅದನ್ನ ಬರಸ್ಕೊಂಡ ಬಾ ಹೋಗ" ಎಂದು ಹುಡುಗನನ್ನು ಅದೇ ಟೆಂಪೋದಲ್ಲಿ ತಿರುಗಿ ಕಳಿಸಿದರು.