ನೀರಿನ ಎಳೆ ಹಿಡಿದು

ಪ್ರವಾಸದ ಸುಖದಲ್ಲಿ ಅರ್ಧ ಪಾಲು ಮನೆಯಿಂದ ಹೊರಡುವುದಕ್ಕೆ ಮುಂಚೆಯೇ ದೊರೆಯುವಂಥದು. ಭೂಪಟವನ್ನು ಊಟದ ಮೇಜಿನ ಮೇಲೆ ಹರಡಿ, ಅದರ ಮೂಲೆಗಳು ಮುದುರದಂತೆ ಒಂದೆಡೆ ಉಪ್ಪಿನಕಾಯಿಯ ಜಾಡಿಯನ್ನೂ ಇನ್ನೊಂದೆಡೆ ಕಾಫಿ ಲೋಟವನ್ನೂ ಇಟ್ಟು, ಬೆರಳಿನಿಂದ ದಾರಿ ಎಳೆಯುತ್ತ ಕುಳಿತರೆ ಬಿಸಿಲಿಲ್ಲ, ದಣಿವಿಲ್ಲ, ಖರ್ಚಂತೂ ಇಲ್ಲವೇ ಇಲ್ಲ. ಅಮೆರಿಕದ ಫೀನಿಕ್ಸ್ ನಗರದಲ್ಲಿ ನೆಲಸಿರುವ ಕನ್ನಡ ಕುಟುಂಬವೊಂದರಲ್ಲಿ ಈ ಸುಖ ಮೂರು ಸಂಜೆಗಳ ಕಾಲ ನಡೆದು, ನಾಲ್ಕನೆಯ ಸಂಜೆ ಜಗಳವಾಗಿ ಪರಿಣಮಿಸಿತು.

ಜಗಳಕ್ಕೆ ಕಾರಣ ಆ ನಾಡಿನ ವಿಸ್ತಾರವೇ. ಅರಿಜೋನ, ನ್ಯೂ ಮೆಕ್ಸಿಕೊ, ಯೂಟಾ, ನೆವಾಡ ರಾಜ್ಯಗಳಲ್ಲಿ ಹರಡಿರುವ ಆ ನೈಋತ್ಯದ ಮರುಭೂಮಿಯಲ್ಲಿ ಒಂದು ನೋಟಕ್ಕೂ ಇನ್ನೊಂದು ನೋಟಕ್ಕೂ ನಡುವೆ ನೂರಾರು ಮೈಲಿಗಳ ಬಯಲು. ಏಳು ದಿನಗಳ ರಜೆಯಲ್ಲಿ ಹದಿನಾರು ಸ್ಥಳಗಳನ್ನು ನೋಡಹೊರಟವನು ಕೊನೆಗೆ ನೋಡುವುದು ರಸ್ತೆಯನ್ನು ಮಾತ್ರ. ಆದುದರಿಂದ ಬಲ್ಲವರು ಯಾವುದಾದರೂ ಒಂದು ಸೂತ್ರವನ್ನು ಹಿಡಿದು, ಅದಕ್ಕೆ ಪೋಣಿಸಬಹುದಾದ ಊರುಗಳನ್ನಷ್ಟೇ ಆರಿಸಿಕೊಳ್ಳುತ್ತಾರೆ. ಈ ಮನೆಯಲ್ಲಿ ಸೂತ್ರಗಳಿಗೆ ಕೊರತೆಯಿರಲಿಲ್ಲ. 1926ರಲ್ಲಿ ಹುಟ್ಟಿ 1985ರಲ್ಲಿ ಹೆದ್ದಾರಿಯ ಪದವಿಯನ್ನು ಕಳೆದುಕೊಂಡ ಅರುವತ್ತಾರನೆಯ ನಂಬರಿನ ಹಳೆಯ ರಸ್ತೆಯ ಗುಂಟ ಹೋಗಬೇಕೆಂಬುದು ಯಜಮಾನನ ಆಸೆ. ಬಂಡೆಯ ಪೊಟರೆಗಳಲ್ಲಿ ಹಿಂದಿನವರು ಕಟ್ಟಿದ ಮನೆಗಳನ್ನು ನೋಡಬೇಕೆಂಬುದು ಮನೆಯಾಕೆಯ ಬಯಕೆ. ಹದಿನಾಲ್ಕು ವರ್ಷದ ಹುಡುಗನಿಗೆ ನಕ್ಷತ್ರಗಳ ಹುಚ್ಚು. 1930ರಲ್ಲಿ ಪ್ಲೂಟೊ ಗ್ರಹ ಮೊದಲು ಕಣ್ಣಿಗೆ ಬಿದ್ದ ಫ್ಲ್ಯಾಗ್‌ಸ್ಟಾಫ್ ಊರಿನ ಲೊವೆಲ್ ವೀಕ್ಷಣಾಲಯವನ್ನು ಬಿಟ್ಟು ಬೇರೆ ಮಾತಿಲ್ಲ. (ಪ್ಲೂಟೊ ಈಗ ಗ್ರಹಗಳ ಪಂಕ್ತಿಯಲ್ಲಿಲ್ಲ ಎಂಬುದನ್ನು ಹೇಳಿ ಅವನ ಮನಸ್ಸು ನೋಯಿಸುವವರು ಆ ಮನೆಯಲ್ಲಿಲ್ಲ.) ಒಂದೊಂದೂ ಒಳ್ಳೆಯ ಸೂತ್ರವೇ. ಒಳ್ಳೆಯವು ಮೂರಿದ್ದುದೇ ತೊಂದರೆಯಾಯಿತು.

ಊರಿನಿಂದ, ಎಂದರೆ ಮಂಡ್ಯದ ಕಡೆಯಿಂದ, ಮಗನ ಮನೆಗೆ ಬಂದಿದ್ದ ಅಜ್ಜಿ ಅಷ್ಟು ಹೊತ್ತೂ ಸೊಪ್ಪು ಬಿಡಿಸುತ್ತ ಸುಮ್ಮನಿದ್ದವರು ಆಗ ಬಾಯಿ ತೆರೆದರು:

"ಅದೆಲ್ಲಾ ಇರಲಿ ಕಣಪ್ಪಾ. ನಾನು ಬಂದು ತಿಂಗಳಾಯ್ತು, ಒಂದು ಹನಿ ಮಳೆ ಕಾಣೆ. ನಿಮ್ಮ ನಲ್ಲೀಲಿ ಮಾತ್ರ ನೀರು ನಿಂತದ್ದೇ ಇಲ್ಲ. ಎಲ್ಲಿಂದ ಬರುತ್ತೋ ಇದು?"

ಯಜಮಾನ ಆ ನಗರಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ತಿಂಗಳು ತಪ್ಪದೆ ನೀರಿನ ಬಿಲ್ಲನ್ನು ಕಟ್ಟಿದ್ದ. ವರ್ಷಕ್ಕೆ ಎಂಟು ಅಂಗುಲ ಮಳೆಯೂ ಬೀಳದ ಆ ಊರಿನಲ್ಲಿ ಮನೆಯ ಮುಂದೆ ಹಸುರು ಹುಲ್ಲನ್ನೂ ಬೆಳೆಸಿದ್ದ. ತಾಯಿಯ ಪ್ರಶ್ನೆಗೆ ಉತ್ತರ ಮಾತ್ರ ಅವನಲ್ಲಿರಲಿಲ್ಲ. ಆ ರಾತ್ರಿ ಹದಿನಾರು ಸ್ಥಳಗಳ ಪಟ್ಟಿ ಕಸದ ಬುಟ್ಟಿಗೆ ಹೋಯಿತು. ನೀರೇ ಪ್ರವಾಸದ ಸೂತ್ರವೆಂದು ಗೊತ್ತಾಯಿತು.

ಹುಡುಕುತ್ತ ಹೋದರೆ ಮೊದಲ ದಿನ ಊರನ್ನು ಬಿಟ್ಟು ಹೋಗಬೇಕಾದ ಅಗತ್ಯವೇ ಕಾಣಲಿಲ್ಲ. ಹೊಹೊಕಮ್ ಎಂದು ಈಗ ಹೆಸರಿಸುವ ಜನ ಸಾಲ್ಟ್ ನದಿಯಿಂದ ನೂರಾರು ಮೈಲಿ ಕಾಲುವೆಗಳನ್ನು ಮರದ ಮತ್ತು ಕಲ್ಲಿನ ಉಪಕರಣಗಳಿಂದಲೇ ತೋಡಿ, ಅಲ್ಲಿ ಜೋಳ, ಹತ್ತಿ ಬೆಳೆದಿದ್ದರು. ಸುಮಾರು 1450ರ ವೇಳೆಗೆ ಅವರ ಊರುಗಳು ಬರಿದಾದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಬಿಳಿಯರು ಆ ಹಳೆಯ ಕಾಲುವೆಗಳ ಜಾಡಿನಲ್ಲೇ ಮತ್ತೆ ನೀರು ಹರಿಸಿದರು. ಬೂದಿಯಿಂದ ಮತ್ತೆ ಹುಟ್ಟುವ ಹಕ್ಕಿಯ ಹೆಸರು ಊರಿಗೆ ಬಂದುದು ಈ ಕಾರಣದಿಂದ. ಇಷ್ಟಾದರೂ ಹಳೆಯ ಹೊಳೆಯೊಂದೇ ಈಗಿನ ನಗರಕ್ಕೆ ಸಾಲದು. ಕ್ಯಾಲಿಫೋರ್ನಿಯದ ಎಲ್ಲೆಯಲ್ಲಿರುವ ಹವಾಸು ಸರೋವರದಿಂದ ಕೊಲರಾಡೊ ನದಿಯ ನೀರನ್ನು ಯಂತ್ರಗಳಿಂದ ಮೇಲಕ್ಕೆತ್ತಿ, 336 ಮೈಲಿ ಉದ್ದದ ಕಾಲುವೆಯಲ್ಲಿ ಫೀನಿಕ್ಸಿಗೂ ಅದರಾಚೆಯ ಟೂಸಾನಿಗೂ ತರುತ್ತಾರೆ. 1973ರಲ್ಲಿ ತೊಡಗಿದ ಆ ಕೆಲಸ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ನೀರು ಮೇಲಿನಿಂದ ಕೆಳಕ್ಕೆ ಹರಿಯುವುದನ್ನಷ್ಟೇ ಬಲ್ಲ ಅಜ್ಜಿಗೆ ಇದು ವಿಚಿತ್ರವಾಗಿ ಕಂಡಿತು.

ಇನ್ನು ಕಾಲದ ನಿಷ್ಕರ್ಷೆ. ಬೇಸಿಗೆಯ ರಜೆಯಲ್ಲಿ ಹೋಗೋಣವೆಂದು ಹುಡುಗ ಹಟ ಹಿಡಿದ, ತಂದೆ ಒಪ್ಪಲಿಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯೂ ಮಳೆಗಾಲ. ಅದನ್ನು ಅಲ್ಲಿನವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ನಮ್ಮಂತೆ ದಿನವಿಡೀ ಜಿನುಗುವ ಮಳೆಯಲ್ಲ ಅದು. ಎಲ್ಲೋ ದೂರದ ದಿಬ್ಬದ ಮೇಲೆ ಒಂದು ಗಳಿಗೆ ಧೋ ಎಂದು ಸುರಿದರೆ, ಆ ನೀರು ಇಕ್ಕಟ್ಟಾದ ಬಂಡೆಯ ಕಣಿವೆಗಳಲ್ಲಿ ಗೋಡೆಯಂತೆ ಎದ್ದು ಬರುತ್ತದೆ. 1997ರ ಆಗಸ್ಟ್ 12ರಂದು ಆಂಟಿಲೋಪ್ ಕಣಿವೆಯಲ್ಲಿ ಹನ್ನೊಂದು ಪ್ರವಾಸಿಗಳು ಸತ್ತುದು ಹೀಗೆ; ಮಳೆ ಬಿದ್ದಿದ್ದುದು ಮೈಲಿಗಳಾಚೆ. ನೀರಿಲ್ಲದ ನಾಡಿನಲ್ಲಿ ನೀರಿಗೂ ಅಂಜಬೇಕು. ಹೀಗಾಗಿ ಮಾರ್ಚಿಯ ಕೊನೆಯ ವಾರ ನಿಶ್ಚಯವಾಯಿತು. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣದ ಅಂಚು ಸುಮಾರು ಏಳು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಆ ಕಾಲದಲ್ಲಿ ಅಲ್ಲಿ ಹಿಮ ಬಿದ್ದರೂ ಬಿದ್ದೀತು. ಮರುಭೂಮಿಗೆ ಹೊರಟ ಅಜ್ಜಿಯ ಪೆಟ್ಟಿಗೆಗೆ ಎರಡು ಸ್ವೆಟರುಗಳು ಸೇರಿದುವು.

ಎರಡನೆಯ ದಿನದ ದಾರಿ ಉತ್ತರಕ್ಕೆ. ಮಾಂಟೆಜುಮ ಬಾವಿಯೆಂಬಲ್ಲಿ ಬರಡು ನೆಲದ ನಡುವಣ ಒಂದು ದೊಡ್ಡ ಗುಂಡಿಯೊಳಗೆ ದಿನಕ್ಕೆ ಸುಮಾರು ಹದಿನೈದು ಲಕ್ಷ ಗ್ಯಾಲನ್ ನೀರು ತಾನಾಗಿ ಉಕ್ಕುತ್ತದೆ. ಮೆಕ್ಸಿಕೊದ ರಾಜ ಮಾಂಟೆಜುಮನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಹೆಸರಿಟ್ಟವರ ಭ್ರಮೆ. ಅಲ್ಲಿಂದ ಫ್ಲ್ಯಾಗ್‌ಸ್ಟಾಫ್ ದಾಟಿ, ಹುಡುಗನಿಗಾಗಿ ವೀಕ್ಷಣಾಲಯದ ಬಳಿ ಒಂದು ಗಂಟೆ ನಿಂತು (ಸೂತ್ರಕ್ಕೆ ಇಷ್ಟು ಸಡಿಲಿಕೆ ಇರಬೇಕಾದುದೇ), ಪೇಜ್ ಎಂಬ ಊರಿಗೆ ಹೋಗಬೇಕು. ದಾರಿ ನವಾಹೊ ಜನರ ನಾಡಿನೊಳಗಿಂದ ಹೋಗುತ್ತದೆ. ಅಲ್ಲಿ ಗಡಿಯಾರವನ್ನು ನಂಬುವಂತಿಲ್ಲ. ಬೇಸಿಗೆ ಬಂತೆಂದು ಗಡಿಯಾರವನ್ನು ಮುಂದೆ ತಳ್ಳುವ ಪದ್ಧತಿ ಅರಿಜೋನದಲ್ಲಿಲ್ಲ, ನವಾಹೊಗಳಲ್ಲಿ ಇದೆ, ಅವರ ನಡುವೆಯೇ ಇರುವ ಹೋಪಿಗಳಲ್ಲಿ ಮತ್ತೆ ಇಲ್ಲ.

ಭೂಪಟದಲ್ಲಿ ಕಾಣದ ಇನ್ನೊಂದು ಸಂಗತಿ ಆ ದಾರಿಯಲ್ಲಿ ಎದುರಾಗುತ್ತದೆ. ಹಿಂಬದಿಯಲ್ಲಿ ನೀರಿನ ತೊಟ್ಟಿ ಹೊತ್ತ ಗಾಡಿಗಳು. ನವಾಹೊ ನಾಡಿನಲ್ಲಿ ಹೆಚ್ಚುಕಡಿಮೆ ಮೂರು ಮನೆಗಳಲ್ಲಿ ಒಂದಕ್ಕೆ ನಲ್ಲಿಯೇ ಇಲ್ಲ. ಮೈಲಿಗಟ್ಟಲೆ ದೂರದಿಂದ ನೀರು ತರಬೇಕು. ಅದೇ ಜನರ ನೆಲದ ಅಂಚನ್ನು ಸವರಿ ಹರಿಯುವ ನದಿಯ ನೀರು ಫೀನಿಕ್ಸಿನ ಹುಲ್ಲುಹಾಸಿಗೆ ಏರಿ ಬರುತ್ತದೆ. 1868ರ ಕರಾರಿನ ಆಧಾರದ ಮೇಲೆ ಸರ್ಕಾರವೇ ಮುಂದಾಗಿ ತಮಗೆ ನೀರಿನ ಏರ್ಪಾಟು ಮಾಡಬೇಕೆಂದು ನವಾಹೊಗಳು ವಾದಿಸಿದರು. ಅಂಥ ಹೊಣೆ ಸರ್ಕಾರಕ್ಕಿಲ್ಲವೆಂದು 2023ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಐವರು ಒಂದು ಕಡೆ, ನಾಲ್ವರು ಒಂದು ಕಡೆಯಾಗಿ ತೀರ್ಪಿತ್ತಿತು. ಇದನ್ನು ಓದಿ ಹೇಳಿದಾಗ ಮನೆಯಾಕೆ ಎದ್ದುಹೋಗಿ, ಅಂಗಳದ ಹುಲ್ಲಿಗೆ ಬಿಟ್ಟಿದ್ದ ನೀರನ್ನು ನಿಲ್ಲಿಸಿ ಬಂದಳು. ಯಜಮಾನ ಕಂಡೂ ಕಾಣದಂತಿದ್ದ.

ಮೂರನೆಯ ದಿನ ಲೀಸ್ ಫೆರಿ. ಕಮರಿಗಳ ನಡುವೆ ಹರಿಯುವ ಆ ನದಿಯ ಅಂಚಿನವರೆಗೆ ಮೋಟಾರಿನಲ್ಲಿ ಇಳಿಯಬಹುದಾದ ಅಪರೂಪದ ಜಾಗ. ಅಜ್ಜಿ ನೀರನ್ನು ಮುಟ್ಟಬಹುದು. ಕೊಲರಾಡೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕೆಂಪಾದದ್ದು ಎಂದು ಅರ್ಥ. ಇಲ್ಲಿ ಮಾತ್ರ ನದಿ ಹಸುರಾಗಿ, ತಣ್ಣಗೆ ಕೊರೆಯುತ್ತದೆ. ಮೇಲಿರುವ 710 ಅಡಿ ಎತ್ತರದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು 1963ರಿಂದ ಅದರ ಕೆಮ್ಮಣ್ಣನ್ನೆಲ್ಲ ಹಿಡಿದಿಟ್ಟುಕೊಂಡಿದೆ. 1922ರಲ್ಲಿ ಏಳು ರಾಜ್ಯಗಳು ನದಿಯನ್ನು ಹಂಚಿಕೊಂಡಾಗ ಮೇಲಿನವರು ಯಾರು, ಕೆಳಗಿನವರು ಯಾರು ಎಂದು ಗೆರೆ ಎಳೆದದ್ದು ಇಲ್ಲಿಯೇ. ಒಂದೊಂದು ಭಾಗಕ್ಕೂ ವರ್ಷಕ್ಕೆ ಎಪ್ಪತ್ತೈದು ಲಕ್ಷ ಎಕರೆ ಅಡಿ. ಆದರೆ ಅವರು ಲೆಕ್ಕಕ್ಕೆ ಹಿಡಿದ ವರ್ಷಗಳು ಅತಿವೃಷ್ಟಿಯ ವರ್ಷಗಳು. ಹೀಗಾಗಿ ಕಾಗದದ ಮೇಲಿನ ನದಿ ದೊಡ್ಡದಾಯಿತು, ಕಣಿವೆಯಲ್ಲಿ ಹರಿಯುವ ನದಿ ಚಿಕ್ಕದಾಗಿಯೇ ಉಳಿಯಿತು. ಕಾವೇರಿಯ 1924ರ ಒಪ್ಪಂದದ ಮಾತನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ಅಜ್ಜಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ.

"ಅಲ್ಲೂ ಇದೇ ರಾಮಾಯಣವೇ?" ಎಂದಷ್ಟೇ ಅಂದರು.

ನಾಲ್ಕನೆಯ ದಿನ ಗ್ರ್ಯಾಂಡ್ ಕ್ಯಾನ್ಯನ್. ಅದರ ವರ್ಣನೆ ಎಲ್ಲರೂ ಮಾಡಿರುವುದೇ. ಐದನೆಯ ದಿನ ಹೂವರ್ ಅಣೆಕಟ್ಟು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬಂದು ಉದ್ಘಾಟಿಸಿದ ಈ ಅಣೆಕಟ್ಟಿನ ಹಿಂದಿರುವ ಮೀಡ್ ಸರೋವರದ ಬಂಡೆಗಳ ಮೇಲೆ, ಹಿಂದೆ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದನ್ನು ತೋರಿಸುವ ಬಿಳಿಯ ಪಟ್ಟೆಯೊಂದು ಸುಣ್ಣ ಬಳಿದಂತೆ ಎದ್ದು ಕಾಣುತ್ತದೆ. 2022ರ ಬೇಸಿಗೆಯಲ್ಲಿ ಸರೋವರ, ಅದು ಮೊದಲು ತುಂಬಿದ ಕಾಲದಿಂದ ಎಂದೂ ಇಳಿಯದಷ್ಟು ಕೆಳಕ್ಕೆ ಇಳಿದಿತ್ತು. 1938ರಲ್ಲಿ ಮುಳುಗಿದ ಸೇಂಟ್ ಥಾಮಸ್ ಎಂಬ ಹಳ್ಳಿಯ ಪಾಯಗಳು ಈ ಶತಮಾನದಲ್ಲಿ ಮತ್ತೆ ನೆಲದ ಮೇಲೆ ಕಂಡಿವೆ. ಲಾಸ್ ವೇಗಾಸ್ ನಗರವನ್ನು ಸೂತ್ರದಿಂದ ಹೊರಗಿಡಬೇಕೆಂದು ಯಜಮಾನ ಹೇಳಿದ. ಅಲ್ಲಿ ಮನೆಯೊಳಗೆ ಬಳಸಿ ಚರಂಡಿಗೆ ಬಿಟ್ಟ ನೀರೆಲ್ಲ ಬಹುಮಟ್ಟಿಗೆ ಶುದ್ಧಿಯಾಗಿ ಸರೋವರಕ್ಕೇ ಮರಳುತ್ತದೆಂದು ಮನೆಯಾಕೆ ಓದಿ ತೋರಿಸಿದಳು. ಜೂಜಿನ ಊರು ಒಂದು ರಾತ್ರಿಯ ವಸತಿಗೆ ಅರ್ಹವಾಯಿತು.

ಉಳಿದುವು ಎರಡು ದಿನ. ನದಿಯ ಜೊತೆಯಲ್ಲೇ ತೆಂಕಣಕ್ಕೆ ಇಳಿದರೆ ಚಳಿಗಾಲದಲ್ಲಿ ದೇಶಕ್ಕೆಲ್ಲ ಸೊಪ್ಪು ಒದಗಿಸುವ ಯೂಮದ ಹೊಲಗಳು, ಆಮೇಲೆ ಮೆಕ್ಸಿಕೊದ ಗಡಿ. ಗಡಿಯಾಚೆ ಸಾನ್ ಲೂಯಿಸ್ ರಿಯೊ ಕೊಲರಾಡೊ. ಊರಿನ ಹೆಸರಿನಲ್ಲಿ ನದಿಯಿದೆ, ಊರಿನ ಪಕ್ಕದಲ್ಲಿರುವುದು ಮರಳು. ಸಮುದ್ರಕ್ಕೆ ಇನ್ನೂ ಹತ್ತಾರು ಮೈಲಿಗಳಿರುವಂತೆಯೇ ನದಿ ಬತ್ತಿಹೋಗುತ್ತದೆ. 2014ರ ಮಾರ್ಚಿಯಲ್ಲಿ ಎರಡು ಸರ್ಕಾರಗಳೂ ಒಪ್ಪಿ ಎಂಟು ವಾರಗಳ ಕಾಲ ನೀರು ಬಿಟ್ಟಾಗ, ಆ ಊರಿನ ಜನ ಮರಳಿನ ಪಾತ್ರಕ್ಕೆ ಇಳಿದು, ಕುಣಿದು, ಆಡಿದರು. ತಮ್ಮ ಊರಿನ ನದಿಯನ್ನು ಮಕ್ಕಳು ಕಂಡದ್ದು ಅದೇ ಮೊದಲು. ಮೇ ತಿಂಗಳ ನಡುವೆ ನೀರು ಸಮುದ್ರವನ್ನೂ ಮುಟ್ಟಿತು.

"ಅಲ್ಲೀವರೆಗೂ ಹೋಗೋಣ" ಎಂದರು ಅಜ್ಜಿ.

"ನೋಡೋಕೆ ಏನೂ ಇಲ್ಲಮ್ಮ ಅಲ್ಲಿ."

"ಇಲ್ಲದ್ದನ್ನೇ ನೋಡಿ ಬರೋಣ ಕಣೋ."

ಅಜ್ಜಿಯ ಪಾಸ್‌ಪೋರ್ಟನ್ನು ಮರೆಯದೆ ಕೈಚೀಲದಲ್ಲಿ ಇಟ್ಟುಕೊಳ್ಳಬೇಕೆಂದು ಪಟ್ಟಿಯ ಕೊನೆಯಲ್ಲಿ ಬರೆದುದಾಯಿತು. ಮರುಭೂಮಿಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು ಇರಲೇಬೇಕು, ನಾಲ್ವರಿಗೆ ನಾಲ್ಕು. ಅಂಗಡಿಯಿಂದ ಸೀಸೆಗಳನ್ನು ತರಲು ಯಜಮಾನ ಹೊರಟಾಗ ಅಜ್ಜಿ ತಡೆದರು. ಹೊರಡುವ ಹಿಂದಿನ ರಾತ್ರಿ ಅವನು ಅಡಿಗೆಮನೆಯ ನಲ್ಲಿಯ ಕೆಳಗೆ ಕ್ಯಾನುಗಳನ್ನು ಒಂದೊಂದಾಗಿ ಇಟ್ಟು ತುಂಬಿಸಿದ. ಹುಡುಗ ಪಕ್ಕದಲ್ಲಿ ನಿಂತು ಮುಚ್ಚಳ ತಿರುಗಿಸಿ ಕೊಡುತ್ತಿದ್ದ.