ಮೂರು ಊರು, ಎರಡು ಲಿಪಿ, ಒಂದು ಸ್ಕ್ರೀನ್‌ಸೇವರ್

ಕಾಮರ್ಸ್ ಓದುವವರಿಗೆ ಕಂಪ್ಯೂಟರ್ ಎಂದರೆ ಟ್ಯಾಲಿ, ಅಷ್ಟು ಸಾಕು ಎನ್ನುತ್ತಾರೆ ಅಬ್ಬಾ. ಆದರೂ ರಜೆಯಲ್ಲಿ ಪೈಥಾನ್‌ನಲ್ಲಿ ಒಂದು ಪುಟ್ಟ ಸ್ಕ್ರೀನ್‌ಸೇವರ್ ಬರೆದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂಬ ಹೆಸರುಗಳು ಕನ್ನಡದಲ್ಲಿ, 'ಸಲಾಮ್' ಉರ್ದುವಿನಲ್ಲಿ, ಕಪ್ಪು ಪರದೆಯ ಮೇಲೆ ತೇಲುತ್ತವೆ. ಹಳೆಯ ದಪ್ಪ ಮಾನಿಟರುಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಕಲೆ ಉಳಿಯುತ್ತಿತ್ತು, ಅದಕ್ಕೆ ಸ್ಕ್ರೀನ್‌ಸೇವರ್ ಬೇಕಿತ್ತು. ಈಗ ಬರೀ ಚಂದಕ್ಕೆ.

ಬ್ಯಾಡಗಿಯಲ್ಲಿ ಮಾಮೂ ಅವರ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ವಿಂಡೋಸ್ ಇದೆ. ಅಲ್ಲಿ ಸ್ಕ್ರೀನ್‌ಸೇವರ್ ಎಂದರೆ ಮಾಮೂಲಿ ಇಎಕ್ಸ್‌ಇ ಫೈಲೇ, ಹೆಸರಿನ ಕೊನೆಗೆ ಮಾತ್ರ ಎಸ್‌ಸಿಆರ್. ಇಡೀ ಪರದೆಯಲ್ಲಿ ಓಡಬೇಕಾದರೆ ವಿಂಡೋಸ್ ಅದಕ್ಕೆ 'ಎಸ್' ಎಂಬ ಸೂಚನೆ ಕೊಡುತ್ತದೆ, ಸೆಟ್ಟಿಂಗ್ಸ್‌ನ ಪುಟ್ಟ ಚೌಕದಲ್ಲಾದರೆ 'ಪಿ'. ಎರಡನ್ನೂ ಪ್ರೋಗ್ರಾಂಗೆ ಕಲಿಸಿದೆ, ಒಂದು ಸಂಜೆಗೆ ಮುಗಿಯಿತು. ರೈತರು ಲೆಕ್ಕಕ್ಕೆ ಕಾಯುತ್ತ ಕುಳಿತಾಗ ತಮ್ಮೂರಿನ ಹೆಸರು ಓದುತ್ತಾರೆ ಎಂದು ಮಾಮೂಗೆ ಖುಷಿ.

ರಾಣೆಬೆನ್ನೂರಿನ ನಾನಾ ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್. ಅಲ್ಲಿ ಎಕ್ಸ್‌ಸ್ಕ್ರೀನ್‌ಸೇವರ್ ಹಾಕಿದೆ. ಜೇಮಿ ಜವಿನ್‌ಸ್ಕಿ ಎಂಬುವರು 1992ರಲ್ಲಿ ಹೊರತಂದದ್ದು, ಮ್ಯಾಕ್‌ಗೂ ಫೋನ್‌ಗೂ ಬಂದಿದೆ. ವಿಂಡೋಸ್‌ಗೆ ಮಾತ್ರ ತರುವುದಿಲ್ಲ ಎಂದು ಅವರ ಹಟ! ಅದು ಒಂದು ಕಿಟಕಿಯ ನಂಬರ್ ಕೊಡುತ್ತದೆ, ನಮ್ಮ ಪ್ರೋಗ್ರಾಂ ಅದರೊಳಗೆ ಚಿತ್ರ ಬಿಡಿಸಬೇಕು. ಅದೂ ಆಯಿತು. ಆದರೆ ತೇಲಿಬಂದ ಬ್ಯಾಡಗಿಯಲ್ಲಿ 'ಬ' ಬೇರೆ, 'ಯ' ಬೇರೆ. ರಾಣೆಬೆನ್ನೂರಿನ ಒತ್ತು ಕೆಳಗಿಳಿದೇ ಇರಲಿಲ್ಲ. ಕನ್ನಡ ಓದಲು ಬಾರದ ನಾನಾ ಕನ್ನಡಕ ಹಾಕಿಕೊಂಡು ಉರ್ದು ನೋಡಿದರು. "ಬೇಟಾ, ಯೆ ಸಲಾಮ್ ನೈ" ಎಂದರು. ನಿಜ. ಬಲದಿಂದ ಓದಿದರೆ ಮೀಮ್, ಅಲಿಫ್, ಲಾಮ್, ಸೀನ್. ಅದೂ ಒಂದಕ್ಕೊಂದು ಕೈ ಹಿಡಿಯದೆ.

ಕಾರಣ ಹುಡುಕಲು ಮೂರು ದಿನ ಬೇಕಾಯಿತು. ಪೈಥಾನ್ ಜೊತೆ ಬರುವ ಟಿಕೆಇಂಟರ್ ವಿಂಡೋಸ್‌ನಲ್ಲಿ ಅಕ್ಷರ ಜೋಡಿಸುವ ಕೆಲಸವನ್ನು ವಿಂಡೋಸ್‌ಗೇ ಬಿಡುತ್ತದೆ. ಲಿನಕ್ಸ್‌ನಲ್ಲಿ ಅದು ಅಕ್ಷರಗಳನ್ನು ಒಂದೊಂದಾಗಿ ಎಡದಿಂದ ಇಡುತ್ತ ಹೋಗುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ನನ್ನ ಎರಡೂ ಭಾಷೆಗಳಿಗೆ ಸಾಲದು.

ಗಿಂಪ್‌ನಲ್ಲಿ ಅಕ್ಷರಗಳು ಸರಿಯಾಗಿ ಕೂಡುತ್ತವೆ. ಅದರಲ್ಲಿ ನಾಲ್ಕೂ ಪದ ಬರೆದು ಚಿತ್ರಗಳಾಗಿ ಉಳಿಸಿದೆ, ಈಗ ಪ್ರೋಗ್ರಾಂ ಪದದ ಬದಲು ಚಿತ್ರ ತೇಲಿಸುತ್ತದೆ. ಜಾಣ ದಾರಿಯೇನಲ್ಲ, ಆದರೆ ಎರಡೂ ಕಡೆ ಒಂದೇ ಫೈಲ್ ನಡೆಯುತ್ತದೆ. ನಾನಾ ಈ ಸಲ ಏನೂ ಹೇಳಲಿಲ್ಲ, ಪರದೆಗೆ "ವಾಲೇಕುಂ ಸಲಾಮ್" ಎಂದು ಉತ್ತರ ಕೊಟ್ಟರು.

ಈಗ ಮಾಮೂಗೆ ದಿನದ ದರವೂ ತೇಲಬೇಕಂತೆ. ಡಬ್ಬಿ, ಕಡ್ಡಿ ಎಂಬ ಹೆಸರುಗಳು ಚಿತ್ರವಾಗಿಯೇ ಇರಲಿ. ಅಂಕಿಗಳಿಗೆ ಒತ್ತಕ್ಷರದ ಕಾಟವಿಲ್ಲ, ನೇರವಾಗಿ ಬರೆಯಬಹುದು.