ಡಬ್ಬಿಯಿಂದ ತೆಗೆದ ಬೆಳ್ಳುಳ್ಳಿ



ಪೋಸ್ಟ್ ಸ್ವಲ್ಪ ಉದ್ದ ಇದೆ, ಅಡುಗೆ ಬಗ್ಗೆ ಬೇರೆ ಇದೆ. "ಏನ್ ಮೇಡಂ, ಹೋರಾಟ ಬಿಟ್ಟು ಸಲಾಡ್ ಮಾಡೋಕೆ ಶುರು ಮಾಡಿದ್ರಾ" ಅಂತ ಕಾಮೆಂಟ್ ಹಾಕೋ ಮೊದಲು ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ಒಬ್ಬರ ಬೀಳ್ಕೊಡುಗೆ ಇತ್ತು. ಊಟ ಹೊರಗಿಂದ ತರಿಸಿದ್ದರು. ಜೊತೆಗೆ ಸೌತೆಕಾಯಿ, ಟೊಮೆಟೊ, ಲೆಟ್ಯೂಸ್ ಸೊಪ್ಪಿನ ಸಲಾಡ್, ಅದರ ಮೇಲೆ ಸುರಿದುಕೊಳ್ಳೋಕೆ ಒಂದು ಬಾಟಲಿ. ಬಾಟಲಿ ಮೇಲೆ ಕ್ರೀಮಿ ಇಟಾಲಿಯನ್ ಡ್ರೆಸ್ಸಿಂಗ್ ಅಂತ ಬರೆದಿತ್ತು. ನಮ್ಮ ಸೆಕ್ಷನ್ನಿನ ಹಿರಿಯರೊಬ್ಬರು ಮೂರು ಸಲ ಹಾಕಿಸಿಕೊಂಡರು. "ಆ ಗಾರ್ಲಿಕ್ ಫ್ಲೇವರ್ ಇದೆಯಲ್ಲಾ, ಸೂಪರ್" ಅಂದರು.

ನನಗೆ ತುತ್ತು ಇಳಿಯಲಿಲ್ಲ. ಹನ್ನೆರಡು ವರ್ಷದ ಹಿಂದೆ, ನಾನು ಈ ಸೆಕ್ಷನ್‌ಗೆ ಬಂದ ಹೊಸತರಲ್ಲಿ, ಇದೇ ವ್ಯಕ್ತಿ ನನ್ನ ಡಬ್ಬಿ ತೆರೆದ ಕೂಡಲೇ ಎದ್ದು ಹೋಗಿ ಕಿಟಕಿ ತೆಗೆದಿದ್ದರು. ಡಬ್ಬಿಯಲ್ಲಿದ್ದದ್ದು ಮುದ್ದೆ, ಹುರುಳಿಕಾಳಿನ ಬಸ್ಸಾರು. "ಏನ್ರೀ ಇದು, ಬೆಳ್ಳುಳ್ಳಿ ವಾಸನೆ ಫೈಲಿಗೂ ಹತ್ತುತ್ತೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರು ಅಂದಿದ್ದಕ್ಕಿಂತ ನಾನು ನಕ್ಕಿದ್ದೇ ಇವತ್ತಿಗೂ ಚುಚ್ಚುತ್ತೆ. ಮಾರನೇ ದಿನದಿಂದ ಅವ್ವಂಗೆ ಹೇಳಿಬಿಟ್ಟೆ, ಡಬ್ಬಿ ಸಾರಿಗೆ ಬೆಳ್ಳುಳ್ಳಿ ಬೇಡ ಅಂತ. "ಬೆಳ್ಳುಳ್ಳಿ ಇಲ್ದಿದ್ ಮೇಲೆ ಅದೇನ್ ಸಾರವ್ವ, ಬಿಸ್ನೀರು" ಅಂದಳು ಅವ್ವ. ಕಾರಣ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು ಅನ್ಸುತ್ತೆ.

ಇನ್ನೊಂದು ಮಾತೂ ಒಪ್ಪಿಕೊಳ್ತೀನಿ. ಬಿಸಿಯೂಟದಲ್ಲಿ ಮಕ್ಕಳಿಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಕೊಡ್ತಿದಾರೆ ಅಂತ ನಮ್ಮ ರಾಜ್ಯದಲ್ಲಿ 2019ರಲ್ಲಿ ಚರ್ಚೆ ಎದ್ದಾಗ ನಾನು ಮೈಕ್ ಹಿಡಿದು ಮಾತಾಡಿದ್ದೆ. "ನಮ್ಮ ಮಕ್ಕಳ ತಟ್ಟೆಯಿಂದ ಬೆಳ್ಳುಳ್ಳಿ ತೆಗೆಯೋಕೆ ನೀವ್ಯಾರು" ಅಂತ ಕೇಳಿದ್ದೆ. ಚಪ್ಪಾಳೆ ಬಿತ್ತು. ಅವತ್ತು ನನ್ನ ಬ್ಯಾಗಲ್ಲಿದ್ದ ಡಬ್ಬಿಯಲ್ಲಿ ಬೆಳ್ಳುಳ್ಳಿ ಇರಲಿಲ್ಲ.

ಬೀಳ್ಕೊಡುಗೆಯಿಂದ ಮನೆಗೆ ಬಂದು ಮಗಳಿಗೆ ಇದನ್ನೆಲ್ಲ ಹೇಳಿದೆ. ಪಿಯುಸಿ ಓದೋ ಹುಡುಗಿ. "ಇಷ್ಟೇನಾಮ್ಮ, ಆ ಡ್ರೆಸ್ಸಿಂಗ್ ನಾವೇ ಮಾಡೋಣ" ಅಂದಳು. ಮೊಬೈಲ್ ಹಿಡಿದು ಕೂತೆವು. ಓದ್ತಾ ಹೋದಂಗೆ ಬೇರೆಯದೇ ಕತೆ ಬಿಚ್ಚಿಕೊಳ್ತು.

ಮೊದಲನೇದಾಗಿ ಈ ಡ್ರೆಸ್ಸಿಂಗ್ ಇಟಲಿಯದ್ದೇ ಅಲ್ಲ. ಇಟಲಿಯವರು ಸೊಪ್ಪಿನ ಮೇಲೆ ಆಲಿವ್ ಎಣ್ಣೆ, ವಿನೆಗರ್, ಉಪ್ಪು ಹಾಕಿ ಕಲಸಿಕೊಳ್ತಾರೆ, ಅಷ್ಟೇ. ಬಾಟಲಿಯ 'ಇಟಾಲಿಯನ್' ಅಮೆರಿಕದಲ್ಲಿ ಹುಟ್ಟಿದ್ದು. ಅಲ್ಲಿನ ಹೆಸರುವಾಸಿ ಬಾಟಲಿ ವಿಶ್‌ಬೋನ್. ಫಿಲಿಪ್ ಸೊಲೊಮಿ ಅನ್ನೋರು 1945ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಆ ಹೆಸರಿನ ಹೋಟೆಲ್ ತೆರೆದರು. 1948ರಲ್ಲಿ ಸಿಸಿಲಿ ಮೂಲದ ತಮ್ಮ ತಾಯಿಯ ಕೈರುಚಿಯ ಡ್ರೆಸ್ಸಿಂಗ್ ಅಲ್ಲಿ ಬಡಿಸೋಕೆ ಶುರು ಮಾಡಿದರು. ಜನ ಮನೆಗೂ ಬೇಕು ಅಂದರು, ಬಾಟಲಿಗೆ ಬಂತು. ತಾಯಿಯ ಹೆಸರು ಬಾಟಲಿ ಮೇಲೆ ಬರಲಿಲ್ಲ. ಈ ರುಚಿಗೆ ಮೇಯೊನೀಸ್ ಸೇರಿಸಿದರೆ 'ಕ್ರೀಮಿ' ಆಗುತ್ತೆ.

ಈ ಸಿಸಿಲಿಯವರನ್ನ ಅಮೆರಿಕ ಹೇಗೆ ನೋಡಿಕೊಳ್ತು ಗೊತ್ತಾ? 'ಬೆಳ್ಳುಳ್ಳಿ ತಿನ್ನೋರು' ಅನ್ನೋದು ಅಲ್ಲಿ ಇಟಲಿಯಿಂದ ವಲಸೆ ಬಂದವರಿಗೆ ಬೈಗುಳ. 1891ರ ಮಾರ್ಚ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಗುಂಪೊಂದು ಜೈಲಿಗೆ ನುಗ್ಗಿ 11 ಜನ ಇಟಾಲಿಯನ್ನರನ್ನ ಕೊಂದಿತು. ಅವರಲ್ಲಿ ಹೆಚ್ಚಿನವರು ಸಿಸಿಲಿಯವರು. 1924ರ ವಲಸೆ ಕಾಯ್ದೆ ಅವರ ಬರುವಿಕೆಯನ್ನೇ ಕತ್ತರಿಸಿತು. ಅಂಥವರ ಬೆಳ್ಳುಳ್ಳಿ ಇವತ್ತು ಸೂಪರ್ ಮಾರ್ಕೆಟ್ಟಿನ ಸಾಲಲ್ಲಿ ನಿಂತಿದೆ.

ಹಾಗಂತ ಅವರ ಕತೆ ನಮ್ಮ ಕತೆ ಒಂದೇ ಅಲ್ಲ. ಒಂದೆರಡು ತಲೆಮಾರಲ್ಲಿ ಅವರು 'ಬಿಳಿಯರ' ಸಾಲಿಗೆ ಸೇರಿಕೊಂಡರು, ಕರಿಯರು ಹೊರಗೇ ಉಳಿದರು. ಊರು ಬಿಟ್ಟು, ಬಿಎ ಮಾಡಿ, ಸರ್ಕಾರಿ ಕುರ್ಚಿ ಮೇಲೆ ಕೂತರೂ ಜಾತಿ ನಮ್ಮ ಡಬ್ಬಿ ತನಕ ಬರುತ್ತೆ. ಇಲ್ಲಿ ಬೆಳ್ಳುಳ್ಳಿ ಯಾರ ಡಬ್ಬಿಯಲ್ಲಿದೆ ಅನ್ನೋದರ ಮೇಲೆ ಅದು ವಾಸನೆಯೋ ಫ್ಲೇವರ್ರೋ ಅಂತ ತೀರ್ಮಾನ ಆಗುತ್ತೆ.

ಸರಿ, ಮಾಡೋ ವಿಧಾನ. ಮೇಯೊನೀಸ್ ಅಂದ್ರೆ ಹಸಿ ಮೊಟ್ಟೆ ಮತ್ತು ಎಣ್ಣೆ. ಮೊಟ್ಟೆಗೆ ನಮ್ಮ ಮನೇಲಿ ಬಹಿಷ್ಕಾರ ಏನಿಲ್ಲ, ಆದರೆ ಅವ್ವಂಗೆ ವಯಸ್ಸಾಗಿದೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಭಯ, ಅದಕ್ಕೇ ಮೊಸರು ಹಿಡಿದೆವು. ಒಂದು ಬಟ್ಟಲು ಗಟ್ಟಿ ಮೊಸರನ್ನ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಗಂಟೆ ಹೊತ್ತು ನೇತುಹಾಕಿ ನೀರು ಇಳಿಸಿ. ಎರಡು ಎಸಳು ಬೆಳ್ಳುಳ್ಳಿ ಉಪ್ಪಿನ ಜೊತೆ ಜಜ್ಜಿ, ಅರ್ಧ ನಿಂಬೆಹಣ್ಣಿನ ರಸದಲ್ಲಿ ಹತ್ತು ನಿಮಿಷ ಬಿಡಿ. ಹುಳಿ ಬಿದ್ದರೆ ಹಸಿ ಬೆಳ್ಳುಳ್ಳಿಯ ಘಾಟು ಇಳಿಯುತ್ತೆ. ಅದನ್ನ ಮೊಸರಿಗೆ ಹಾಕಿ, ಒಂದು ಚಮಚ ವಿನೆಗರ್, ಕಾಳುಮೆಣಸಿನ ಪುಡಿ, ಚಿಟಿಕೆ ಸಕ್ಕರೆ, ಅರ್ಧ ಚಮಚ ಒರೆಗಾನೊ ಸೇರಿಸಿ. ನಾವು ಹಾಕಿದ್ದು ಪಿಜ್ಜಾ ಜೊತೆ ಬಂದು ಡ್ರಾಯರಲ್ಲಿ ಬಿದ್ದಿದ್ದ ಪ್ಯಾಕೆಟ್. ಚೀಸ್ ಇದ್ದರೆ ತುರಿದು ಒಂದು ಚಮಚ. ಕೊನೆಗೆ ಮೂರು ಚಮಚ ಎಣ್ಣೆಯನ್ನ ದಾರದಂಗೆ ಸ್ವಲ್ಪಸ್ವಲ್ಪವೇ ಬಿಡ್ತಾ, ಕೈ ನಿಲ್ಲಿಸದೆ ಕಡೆಯಿರಿ. ಒಂದೇ ಸಲ ಸುರಿದರೆ ಎಣ್ಣೆ ಬೇರೆ, ಮೊಸರು ಬೇರೆ ನಿಲ್ಲುತ್ತೆ. ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ತಿನ್ನಿ, ಮೂರು ದಿನದೊಳಗೆ ಮುಗಿಸಿ.

ಬೆಳ್ಳುಳ್ಳಿ ಜಜ್ಜಿಕೊಟ್ಟದ್ದು ಅವ್ವನೇ. ಸೌತೆಕಾಯಿ ಹೋಳು ಅದ್ದಿ ಬಾಯಿಗೆ ಹಾಕಿಕೊಂಡು, "ಇದೇನೇ, ಮೊಸರುಬಜ್ಜಿ ತಮ್ಮ ಇದ್ದಂಗದೆ" ಅಂದಳು. ಆಮೇಲೆ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದಳು: "ಹಂಗಾರೆ ನಾಳೆ ಡಬ್ಬಿಗೂ ಹಾಕ್ಲಾ?"

ಹನ್ನೆರಡು ವರ್ಷ ಅವಳು ಆ ಪ್ರಶ್ನೆ ಇಟ್ಟುಕೊಂಡು ಕಾದಿದ್ದಳು. "ಹಾಕವ್ವ" ಅಂದೆ. ಅದಕ್ಕಿಂತ ಜಾಸ್ತಿ ಮಾತು ಬರಲಿಲ್ಲ.

ಸೋಮವಾರ ಡಬ್ಬಿಯಲ್ಲಿ ಮುದ್ದೆ, ಬೆಳ್ಳುಳ್ಳಿ ಒಗ್ಗರಣೆಯ ಬಸ್ಸಾರು, ಪಕ್ಕದ ಸಣ್ಣ ಡಬ್ಬಿಯಲ್ಲಿ ಡ್ರೆಸ್ಸಿಂಗ್, ಸೌತೆಕಾಯಿ. ಎರಡನ್ನೂ ಟೇಬಲ್ ಮೇಲೆ ತೆರೆದಿಟ್ಟೆ. ಆ ಹಿರಿಯರು ಸಣ್ಣ ಡಬ್ಬಿ ನೋಡಿ "ಓ, ಇಟಾಲಿಯನ್ನಾ" ಅಂದರು. "ಅಲ್ಲ ಸಾರ್, ನಮ್ಮವ್ವ ಜಜ್ಜಿದ್ದು. ಎರಡರಲ್ಲೂ ಒಂದೇ ಬೆಳ್ಳುಳ್ಳಿ" ಅಂದೆ. ಅವರು ಏನೂ ಅನ್ನಲಿಲ್ಲ, ತಗೊಳ್ಳಲೂ ಇಲ್ಲ. ಕಿಟಕಿ ಹತ್ತಿರ ಯಾರೂ ಎದ್ದು ಹೋಗಲಿಲ್ಲ. ಹೋಗಿದ್ದರೂ ಈ ಸಲ ನಾನು ನಗ್ತಿರಲಿಲ್ಲ.

ನಿಮ್ಮನ್ನೂ ಒಂದು ಕೇಳ್ತೀನಿ. ಯಾರದೋ ಒಂದು ನಗೆಗೆ ಹೆದರಿ ನಿಮ್ಮ ಡಬ್ಬಿಯಿಂದ ಏನು ತೆಗೆದಿಟ್ಟಿದ್ದೀರಿ? ನಾಳೆ ಅದನ್ನ ವಾಪಸ್ ಹಾಕಿ.

ಜೈಭೀಮ್.